ಅದಿರು ಲಾರಿಗಳ ದಾರಿ ಹಿಡಿದು ಕಾರವಾರಕ್ಕೆ

ಬಳ್ಳಾರಿ ಕಡೆಯವರಿಗೆ ಸಮುದ್ರ ನೋಡಬೇಕು ಅನ್ನಿಸಿದರೆ ಎರಡೇ ಹೆಸರು ಬಾಯಿಗೆ ಬರುತ್ತವೆ. ಹುಡುಗರಾದರೆ ಗೋವಾ, ಮನೆಮಂದಿಯೆಲ್ಲ ಹೊರಟರೆ ಮುರುಡೇಶ್ವರ. ಕಾರವಾರ ಅಂದರೆ ಗೋವಾಕ್ಕೆ ಹೋಗುವಾಗ ಚಹಾಕ್ಕೆ ನಿಲ್ಲಿಸುವ ಊರು, ಅಷ್ಟೇ. ನನಗೆ ಇದು ಸರಿ ಅನ್ನಿಸುವುದಿಲ್ಲ. ನಮಗೂ ಆ ಕರಾವಳಿಗೂ ಇರುವ ನಂಟು ಸಣ್ಣದೇನಲ್ಲ. ನಮ್ಮ ಗುಡ್ಡಗಳ ಕೆಂಪು ಮಣ್ಣು ಲಕ್ಷಗಟ್ಟಲೆ ಟನ್ ಅದೇ ಘಟ್ಟ ಇಳಿದು ಹಡಗು ಹತ್ತಿದೆ. ಮಣ್ಣು ಹೋದ ಕಡೆಗೆ ಮನುಷ್ಯರು ಒಮ್ಮೆಯಾದರೂ ಹೋಗಿ ನೋಡಬೇಕಲ್ವಾ?

ದಾರಿ ಗೊತ್ತಿರುವವನು ಮನೆಯಲ್ಲೇ ಇದ್ದ. ಸಂಡೂರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗ. ಗಣಿಯ ಅಬ್ಬರದ ಕಾಲದಲ್ಲಿ ಅದಿರು ಲಾರಿ ಓಡಿಸಿದವನು. ಸಂಡೂರಿನಿಂದ ಬೇಲೆಕೇರಿ ಬಂದರಿಗೆ ಎಷ್ಟು ಸಲ ಹೋಗಿದ್ದಾನೋ ಅವನಿಗೇ ಲೆಕ್ಕವಿಲ್ಲ. ಬೇಲೆಕೇರಿಯಿಂದ ಕಾರವಾರ ಅರ್ಧ-ಮುಕ್ಕಾಲು ಗಂಟೆಯ ದಾರಿ. ಆದರೂ ಅವನು ಆ ಊರಿಗೆ ಕಾಲಿಟ್ಟಿರಲಿಲ್ಲ. 'ಎಲ್ಲಿ ನೋಡಾದು? ಖಾಲಿ ಮಾಡಾದು, ಮಕ್ಕೊಳ್ಳಾದು, ವಾಪಸ್ ಬರಾದು. ಸಮುದ್ರ ದೂರದಾಗ ಕಾಣ್ತಿತ್ತು' ಅಂದ. ಡಿಸೆಂಬರ್‌ನಲ್ಲಿ ಅವನನ್ನೂ ಅತ್ತಿಗೆಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆವು, ನಾನು ಮತ್ತು ನನ್ನ ಮಗಳು. ಸ್ಟಿಯರಿಂಗ್ ಅಣ್ಣನ ಕೈಯಲ್ಲೇ. ಬೇರೆಯವರಿಗೆ ಕೊಡುವ ಜಾಯಮಾನ ಅವನದಲ್ಲ.

ಬಳ್ಳಾರಿಯಿಂದ ಕಾರವಾರಕ್ಕೆ ನಾನೂರು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ತೋರಣಗಲ್ಲು, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅಂಕೋಲಾ. ಆಂಧ್ರದ ಗುತ್ತಿಯಿಂದ ಅಂಕೋಲಾದವರೆಗಿನ ಈ ಇಡೀ ರಸ್ತೆಗೆ ಮೊದಲು ರಾಷ್ಟ್ರೀಯ ಹೆದ್ದಾರಿ 63 ಅಂತ ಒಂದೇ ನಂಬರ್ ಇತ್ತು. ಈಗ ಹುಬ್ಬಳ್ಳಿವರೆಗೆ 67, ಆಮೇಲೆ 52. ಅಣ್ಣನಂಥವರ ಬಾಯಲ್ಲಿ ಇನ್ನೂ 'ಅರವತ್ಮೂರೇ'. ರೈಲಿನಲ್ಲಿ ಹೋಗುವವರು ಹುಬ್ಬಳ್ಳಿ, ಲೋಂಡಾ ಮೇಲೆ ಮಡಗಾಂವ್‌ಗೆ ಹೋಗಿ ಕೊಂಕಣ ರೈಲು ಹಿಡಿಯಬಹುದು. ಸುತ್ತು ಜಾಸ್ತಿ, ಆದರೆ ಘಟ್ಟ ಇಳಿಯುವಾಗ ದೂಧಸಾಗರ ಜಲಪಾತ ಕಾಣುತ್ತದೆ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಮಾತು ದಶಕಗಳಿಂದ ನಡೆದಿದೆ. ಘಟ್ಟದ ಕಾಡು ಕಡಿಯಬೇಕಾಗುತ್ತದೆ ಅನ್ನುವ ವಿವಾದದಲ್ಲಿ ಅದು ನಿಂತಲ್ಲೇ ನಿಂತಿದೆ.

ಹುಬ್ಬಳ್ಳಿವರೆಗಿನ ದಾರಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕಲಘಟಗಿ ದಾಟಿದ ಮೇಲೆ ನೋಟ ಬದಲಾಗುತ್ತದೆ. ಹತ್ತಿ, ಜೋಳ ಹಿಂದೆ ಉಳಿದು ಭತ್ತದ ಗದ್ದೆ ಬರುತ್ತದೆ, ಆಮೇಲೆ ಕಾಡು. ಯಲ್ಲಾಪುರದಲ್ಲಿ ಇಳಿದು ಬಿಸಿ ಕಷಾಯ ಕುಡಿದೆವು. ಬಳ್ಳಾರಿಯೂ ಯಲ್ಲಾಪುರವೂ ಎತ್ತರದಲ್ಲಿ ಹೆಚ್ಚುಕಡಿಮೆ ಒಂದೇ, ಸಮುದ್ರಮಟ್ಟದಿಂದ ಸುಮಾರು 500 ಮೀಟರ್. ಆದರೆ ಮಳೆಯಲ್ಲಿ ಅಜಗಜಾಂತರ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡ ಈ ಘಟ್ಟಕ್ಕೆ ತಾಗಿ ಮೇಲೇರಿ ಇಲ್ಲೇ ಸುರಿದುಬಿಡುತ್ತದೆ. ನಮ್ಮ ಬಳ್ಳಾರಿವರೆಗೆ ಬರುವಷ್ಟರಲ್ಲಿ ಅದರ ಹೊಟ್ಟೆ ಖಾಲಿ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮಳೆ ಮಾಮೂಲು. ನಮ್ಮಲ್ಲಿ 500-600 ಬಂದರೆ ಒಳ್ಳೆಯ ವರ್ಷ ಅನ್ನುತ್ತೇವೆ.

ಯಲ್ಲಾಪುರ ಬಿಟ್ಟ ಮೇಲೆ ಅರಬೈಲ್ ಘಟ್ಟ. ಅಣ್ಣ ಇಲ್ಲಿ ಮಾತಾಡಲು ಶುರು ಮಾಡಿದ. ಒಂದೊಂದು ತಿರುವಿನಲ್ಲೂ ಅವನಿಗೆ ಒಂದೊಂದು ಲಾರಿ ನೆನಪಿದೆ. ಬ್ರೇಕ್ ಕಾಯ್ದು ಹೊಗೆ ಬಂದದ್ದು, ಮಳೆಯಲ್ಲಿ ಆಕ್ಸಲ್ ಮುರಿದು ರಾತ್ರಿಯಿಡೀ ಜಾಮ್ ಆದದ್ದು, ಕ್ಲೀನರ್ ಹುಡುಗ ಕಲ್ಲು ಹಿಡಿದುಕೊಂಡು ಟೈರಿನ ಹಿಂದೆ ಓಡಿದ್ದು. 'ಆವಾಗ ಈ ಗಿಡ ಹಸಿರು ಇರ್ಲಿಲ್ಲ ನೋಡು. ನಮ್ಮ ಸಂಡೂರಿನ ಗಿಡದಂಗ ಎಲ್ಲ ಕೆಂಪಗ ಇರ್ತಿತ್ತು' ಅಂದ. ಈಗ ಎಲೆಗಳ ಮೇಲೆ ಧೂಳಿಲ್ಲ. ಘಟ್ಟ ಇಳಿದ ಮೇಲೆ ಗಂಗಾವಳಿ ಕಣಿವೆ, ಅಡಿಕೆ ತೋಟ, ಹೆಂಚಿನ ಮನೆ. ಕಿಟಕಿ ಇಳಿಸಿದರೆ ಗಾಳಿಯೇ ಬೇರೆ. ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಅಂಕೋಲಾದಿಂದ ನೇರವಾಗಿ ಕಾರವಾರಕ್ಕೆ ಹೋಗದೆ ಬೇಲೆಕೇರಿ ಕಡೆಗೆ ತಿರುಗಿದೆವು. ಅಣ್ಣನ ಹಟ. ಬೇಲೆಕೇರಿ ಕೊಲ್ಲಿಯ ಒಳಗಿರುವ ಸಣ್ಣ ಬಂದರು. ದೊಡ್ಡ ಹಡಗು ದಡಕ್ಕೆ ಬರುವಷ್ಟು ಆಳ ಇಲ್ಲಿಲ್ಲ. ಲಾರಿಯಿಂದ ಸುರಿದ ಅದಿರನ್ನು ಬಾರ್ಜ್‌ಗಳಿಗೆ ತುಂಬಿ, ದೂರದಲ್ಲಿ ಲಂಗರು ಹಾಕಿ ನಿಂತ ಹಡಗಿಗೆ ಸಾಗಿಸುತ್ತಿದ್ದರು. ಅಲ್ಲಿಂದ ಚೀನಾ. 2010ರಲ್ಲಿ ಇಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಕಾಣೆಯಾಗಿ, ಬೇಲೆಕೇರಿ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತರ ವರದಿ ಬಂತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಣ್ಣನ ಲಾರಿಯೂ ಆಗಲೇ ನಿಂತಿದ್ದು. ಸಾಲದ ಕಂತು ಕಟ್ಟಲಾಗದೆ ಮಾರಿದ.

ನಾವು ಹೋದಾಗ ಅಲ್ಲಿ ದೋಣಿಗಳಿದ್ದವು, ಒಣಗಲು ಹಾಕಿದ ಬಲೆಗಳಿದ್ದವು. ಅಣ್ಣ ಎಲ್ಲೋ ನೆಲ ಕೆದರಿ ಒಂದು ಚಿಟಿಕೆ ಕೆಂಪು ಪುಡಿ ತೆಗೆದು ಅಂಗೈ ಮೇಲೆ ಉಜ್ಜಿ ತೋರಿಸಿದ. ಅತ್ತಿಗೆ 'ಮನ್ಯಾಗ ಇದನ್ನ ತೊಳ್ದು ತೊಳ್ದು ಸಾಕಾಗೇತಿ, ಇಲ್ಲೂ ಅದ ತೋರಿಸ್ತೀರಲ್ಲ' ಅಂದು ಕಾರಿನ ಕಡೆ ನಡೆದರು. ಕತೆ ಇಲ್ಲಿಗೇ ಮುಗಿದಿಲ್ಲ. ಹತ್ತಿರದ ಕೇಣಿಯಲ್ಲಿ ದೊಡ್ಡ ಬಂದರು ಕಟ್ಟಲು 2023ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಳಗದ್ದೇ ಕಂಪನಿಗೆ. ಮೀನುಗಾರರು ಬೇಡ ಅಂತ ಹೋರಾಟಕ್ಕೆ ಇಳಿದಿದ್ದಾರೆ. ಬಳ್ಳಾರಿಯಲ್ಲಿ ಕೂತು ಇದು ದೂರದ ಸುದ್ದಿ ಅಂದುಕೊಂಡರೆ ತಪ್ಪು.

ಕಾರವಾರಕ್ಕೆ ಬಂದರೆ ಮೊದಲು ಊರು ಕೂತಿರುವ ಜಾಗವನ್ನು ಅರ್ಥ ಮಾಡಿಕೊಳ್ಳಬೇಕು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಗುಡ್ಡ, ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ಬೈತಖೋಲ್ ಗುಡ್ಡ ಮತ್ತು ಬಂದರು. ಈ ನಾಲ್ಕರ ನಡುವೆ ಸಿಕ್ಕ ಪಟ್ಟಿಯಂಥ ಜಾಗದಲ್ಲಿ ಊರು. ಉತ್ತರ ಕನ್ನಡ ಜಿಲ್ಲೆಯ ಕೇಂದ್ರ ಆದರೂ ಗದ್ದಲ ಕಡಿಮೆ. ಉತ್ತರಕ್ಕೆ ಹದಿನೈದು ಕಿಲೋಮೀಟರ್ ಹೋದರೆ ಗೋವಾ ಗಡಿ. ಊರಿನ ಎದುರು ಸಮುದ್ರದಲ್ಲಿ ದ್ವೀಪಗಳಿವೆ: ಕೂರ್ಮಗಡ, ದೀಪಸ್ತಂಭ ಇರುವ ದೇವಗಡ, ಇನ್ನೂ ಕೆಲವು. ಇವು ಅಡ್ಡ ನಿಂತಿರುವುದರಿಂದ ಅಲೆಗಳ ಜೋರು ಕಡಿಮೆ. ಹಡಗು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಊರಿನ ಇಡೀ ಚರಿತ್ರೆ ಈ ಒಂದು ಮಾತಿನಿಂದಲೇ ಹುಟ್ಟಿದ್ದು ಅಂದರೂ ತಪ್ಪಿಲ್ಲ.

ತುಸು ದಕ್ಷಿಣದಲ್ಲಿರುವ ಅಂಜುದೀವ್ ದ್ವೀಪಕ್ಕೆ ವಾಸ್ಕೋ ಡ ಗಾಮ 1498ರಲ್ಲೇ ಬಂದು ಹೋಗಿದ್ದ. ಕಾರವಾರದ ಎದುರಿಗೇ ಇದ್ದರೂ ಅದು ಇವತ್ತಿಗೂ ಗೋವಾಕ್ಕೆ ಸೇರಿದ್ದು. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆದರು. ಅವರಿಗೆ ಬೇಕಾಗಿದ್ದು ಘಟ್ಟದ ಮೆಣಸು, ಮತ್ತು ಹುಬ್ಬಳ್ಳಿ ಕಡೆಯ ನೇಕಾರರ ತೆಳು ಬಟ್ಟೆ. 1665ರಲ್ಲಿ ಶಿವಾಜಿ ಈ ಕಡೆ ಬಂದಾಗ ಈ ವ್ಯಾಪಾರಿಗಳೂ ದುಡ್ಡು ತೆತ್ತರು. ಆಮೇಲೆ ಸೋಂದೆಯ ಅರಸರು ಕಾಳಿಯ ಆಚೆ ದಡದ ಗುಡ್ಡದ ಮೇಲೆ ಸದಾಶಿವಗಡ ಕೋಟೆ ಕಟ್ಟಿದರು. ನಮ್ಮ ಬಳ್ಳಾರಿ ಗುಡ್ಡದ ಕೋಟೆಯಲ್ಲಿ ಕೈಯಾಡಿಸಿದ ಹೈದರಾಲಿಯ ಕೈಗೆ ಅದಕ್ಕೂ ಮೊದಲೇ ಇದೂ ಬಂದಿತ್ತು.

ನನಗೆ ಹೆಚ್ಚು ಹಿಡಿಸಿದ್ದು ಇದಾದ ಮೇಲಿನ ಕತೆ, ಹತ್ತಿಯದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಅವರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅದನ್ನು ಇಳಿಸಲು ಹತ್ತಿರದ ಬಂದರು ಯಾವುದು? ಕಾರವಾರ. ಆದರೆ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನೇ ಎತ್ತಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಹತ್ತಿ ಬಂಡಿಗಳಿಗಾಗಿ ಒಂದು ಜಿಲ್ಲೆಯ ಗಡಿಯನ್ನೇ ಬದಲಿಸಿಬಿಟ್ಟರು! ಆದರೆ ರೈಲು ಕಾರವಾರಕ್ಕೆ ಬರಲಿಲ್ಲ, ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು. ಕಾರವಾರಕ್ಕೆ ಕೊಂಕಣ ರೈಲು ಬಂದದ್ದು 1990ರ ದಶಕದಲ್ಲಿ. ನಾವು ಬಳ್ಳಾರಿಯವರು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನವರಾಗಿದ್ದೆವು, ಇವರು 1956ರ ನವೆಂಬರ್ 1ರವರೆಗೆ ಮುಂಬೈನವರು. ನಮ್ಮ ಊರಲ್ಲಿ ತೆಲುಗು ಬೆರೆತ ಕನ್ನಡ, ಇವರಲ್ಲಿ ಕೊಂಕಣಿ ಬೆರೆತ ಕನ್ನಡ. ಗಡಿ ಊರಿನವರ ಪಾಡು ಗಡಿ ಊರಿನವರಿಗೇ ಗೊತ್ತು. ಚಹಾದಂಗಡಿಯಲ್ಲಿ ಒಬ್ಬರು ಗಿರಾಕಿ ಜೊತೆ ಕನ್ನಡ, ಹೆಂಡತಿ ಜೊತೆ ಕೊಂಕಣಿ, ಫೋನಿನಲ್ಲಿ ಮರಾಠಿ ಮಾತಾಡುವುದನ್ನು ನೋಡಿ ನನಗೆ ಥೇಟ್ ಬಳ್ಳಾರಿಯ ಬೆಂಗಳೂರು ರೋಡ್ ನೆನಪಾಯಿತು.

ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್, ಐಸಿಎಸ್ ಪಾಸಾದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಮೊದಲ ವರ್ಷಗಳಲ್ಲಿ ರವೀಂದ್ರನಾಥರು ಈ ಅಣ್ಣನ ಮನೆಗೆ ಬಂದರು, ಆಗಿನ್ನೂ ಇಪ್ಪತ್ತು ದಾಟಿದ ಹುಡುಗ. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದದ್ದೂ ಇಲ್ಲೇ. ತೀರದಲ್ಲೇ 'ಚಪಲ್' ಎಂಬ ಹಳೆಯ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ, ಹತ್ತಿರದಲ್ಲೇ ನೌಕಾಪಡೆಯ ಒಂದು ದೈತ್ಯ ಟುಪೊಲೆವ್ ವಿಮಾನವೂ ಇದೆ. ಮಕ್ಕಳಿದ್ದರೆ ಇವೆರಡಕ್ಕೆ ಅರ್ಧ ದಿನ ಬೇಕು. ನೌಕೆಯ ಒಳಗೆ ನಾವಿಕರು ಮಲಗುತ್ತಿದ್ದ ಜಾಗ ನೋಡಿದ ಅಣ್ಣ, ಲಾರಿ ಕ್ಯಾಬಿನ್ನೇ ವಾಸಿ ಅಂದ.

ಮಗಳಿಗೆ ಮಾತ್ರ ನೌಕೆಗಿಂತ ಏಡಿಗಳು ಹಿಡಿಸಿದವು. ಬೆಳಿಗ್ಗೆ ನೀರು ಇಳಿದಿರುವ ಹೊತ್ತಿಗೆ ತೀರಕ್ಕೆ ಹೋಗಿ. ಒದ್ದೆ ಮರಳಿನ ಮೇಲೆ ಸಣ್ಣ ಸಣ್ಣ ಮರಳಿನ ಉಂಡೆಗಳು ಸಾವಿರಾರು ಬಿದ್ದಿರುತ್ತವೆ. ಸುಮ್ನೆ ಚೆಲ್ಲಾಪಿಲ್ಲಿ ಅಲ್ಲ. ಒಂದು ಸಣ್ಣ ತೂತಿನ ಸುತ್ತ ಸಾಲುಸಾಲಾಗಿ, ರಂಗೋಲಿ ಎಳೆದ ಹಾಗೆ. ನಡೆದರೆ ಏನೂ ಕಾಣುವುದಿಲ್ಲ. ಕುಕ್ಕರುಗಾಲಲ್ಲಿ ಕೂತು ಎರಡು ನಿಮಿಷ ಅಲ್ಲಾಡದೆ ಇರಬೇಕು. ಆಗ ತೂತಿನಿಂದ ಉಗುರಿನಷ್ಟು ಸಣ್ಣ ಏಡಿ ಹೊರಗೆ ಬರುತ್ತದೆ. ಮರಳನ್ನು ಎರಡೂ ಕೊಂಡಿಯಿಂದ ಬಾಯಿಗೆ ತುಂಬಿಕೊಂಡು, ಅದಕ್ಕೆ ಅಂಟಿದ ಆಹಾರವನ್ನಷ್ಟೇ ಸೋಸಿ, ಉಳಿದ ಮರಳನ್ನು ಉಂಡೆ ಮಾಡಿ ಕಾಲಿನಿಂದ ಹಿಂದಕ್ಕೆ ತಳ್ಳುತ್ತದೆ. ಮತ್ತೆ ಒಂದು ಹೆಜ್ಜೆ, ಮತ್ತೆ ಒಂದು ಉಂಡೆ. ನೀರು ಇಳಿದಿರುವಷ್ಟು ಹೊತ್ತೂ ಇದೇ ಕೆಲಸ. ಭರತ ಬಂದರೆ ಎಲ್ಲ ಅಳಿಸಿ ಹೋಗುತ್ತದೆ, ಇಳಿದ ಮೇಲೆ ಮತ್ತೆ ಶುರು. ದಿನಕ್ಕೆ ಎರಡು ಸಲ ಸಮುದ್ರ ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ. ಹಾಗಾಗಿ ನಿನ್ನೆ ನೋಡಿದ ಹೊತ್ತಿಗೇ ಇವತ್ತೂ ಹೋದರೆ ಅದೇ ನೋಟ ಸಿಗುವುದಿಲ್ಲ. ತೀರದಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ.

ಊಟದ ವಿಷಯಕ್ಕೆ ಬರೋಣ. ಮೀನು ತಿನ್ನುವವರಿಗೆ ಇದು ಸ್ವರ್ಗ. ಮೀನು ಮಾರ್ಕೆಟ್ಟಿನಲ್ಲಿ ಮಾರುವವರೆಲ್ಲ ಹೆಚ್ಚಾಗಿ ಹೆಂಗಸರು. ತಲೆಗೆ ಹೂ ಮುಡಿದು, ಮುಂದೆ ಬಂಗುಡೆ, ಇಸ್ವಾಣ, ಸಿಗಡಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಚೌಕಾಶಿ ಮಾಡುವ ಧೈರ್ಯ ನಮಗಾಗಲಿಲ್ಲ. ಕಿವಿರು ಎತ್ತಿ ನೋಡಬೇಕು, ಕೆಂಪಗಿದ್ದರೆ ತಾಜಾ ಅಂತ ಒಬ್ಬ ಅಜ್ಜಿ ಅಣ್ಣನಿಗೆ ಪಾಠ ಹೇಳಿಕೊಟ್ಟರು. ಊಟದ ತಟ್ಟೆಯಲ್ಲಿ ಕುಚಲಕ್ಕಿ ಅನ್ನ, ರವೆ ಹಚ್ಚಿ ಕರಿದ ಮೀನು, ತೆಂಗಿನಕಾಯಿ ಅರೆದ ಸಾರು, ಕೊನೆಗೆ ಕುಡಿಯಲು ಮುರುಗಲು ಹಣ್ಣಿನ ಹುಳಿಯಾದ ಸೋಲ್ ಕಡಿ. ಆ ಸಾರಿನ ಕೆಂಪು ಬಣ್ಣ ಬ್ಯಾಡಗಿ ಮೆಣಸಿನಕಾಯಿಯದು, ಅಂದರೆ ಬಯಲುಸೀಮೆಯದು! ಖಾರ ಮಾತ್ರ ನಮಗೆ ಸಾಲದು. ಶೇಂಗಾ ಎಣ್ಣೆಗೆ ಒಗ್ಗಿದ ನಾಲಿಗೆಗೆ ತೆಂಗಿನೆಣ್ಣೆ ಮೊದಲ ಊಟಕ್ಕೆ ಸ್ವಲ್ಪ ಅಡ್ಡ ಬರುತ್ತದೆ, ಎರಡನೆಯದಕ್ಕೆ ಸರಿಹೋಗುತ್ತದೆ. ಅತ್ತಿಗೆ ಮೀನು ಮುಟ್ಟುವುದಿಲ್ಲ. ಅವರಿಗೆ ಪೂರಿ-ಭಾಜಿ, ಬನ್ಸ್ ಸಿಕ್ಕಿತು. ಆದರೂ ಸಂಜೆಯಾಗುತ್ತಲೇ 'ಒಂದ್ ಪ್ಲೇಟ್ ಒಗ್ಗರಣೆ-ಮಿರ್ಚಿ ಸಿಗಬೇಕಿತ್ತು' ಅಂದರು. ಅದು ಬಳ್ಳಾರಿ ಬಿಟ್ಟ ಎಲ್ಲ ಕಡೆಯಲ್ಲೂ ಅವರು ಹೇಳುವ ಮಾತೇ.

ಮೀನಿಗೂ ಕಾಲ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ರೌದ್ರವಾಗಿರುತ್ತದೆ. ಹಿಂದೆ ಇಲ್ಲಿ ರಂಪಣಿ ಬಲೆ ಪ್ರಸಿದ್ಧ. ದೋಣಿಯಲ್ಲಿ ಉದ್ದನೆಯ ಬಲೆಯನ್ನು ಅರ್ಧ ಸುತ್ತು ಹಾಕಿ ಬಂದು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು, ಹಿಡಿದ ಮೀನು ಎಲ್ಲರಿಗೂ ಪಾಲು. 1970ರ ದಶಕದಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ಅದರ ಕಾಲ ಮುಗಿಯುತ್ತಾ ಬಂತು.

ಈ ಸೀಮೆಯ ಇನ್ನೊಂದು ಬದುಕು ಹಾಲಕ್ಕಿ ಒಕ್ಕಲಿಗರದು. ಕೊರಳು ತುಂಬ ಮಣಿಸರ ಹಾಕಿ, ವಿಶಿಷ್ಟವಾಗಿ ಸೀರೆ ಉಟ್ಟ ಹಿರಿಯ ಹೆಂಗಸರು ಈಗಲೂ ಸಂತೆಯಲ್ಲಿ ಸೊಪ್ಪು, ಹೂ ಮಾರುತ್ತಾ ಕಾಣಸಿಗುತ್ತಾರೆ. ನೂರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಸುಕ್ರಿ ಬೊಮ್ಮಗೌಡ, ಕಾಡಿನ ಗಿಡಗಳ ಗುಟ್ಟು ಬಲ್ಲ ತುಳಸಿ ಗೌಡ, ಇಬ್ಬರೂ ಅಂಕೋಲಾ ತಾಲ್ಲೂಕಿನವರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹೋಳಿ ಹೊತ್ತಿಗೆ ಹೋದರೆ ಹಾಲಕ್ಕಿಗಳ ಸುಗ್ಗಿ ಕುಣಿತ ನೋಡಬಹುದು. ನಮ್ಮ ಪ್ರವಾಸ ಆ ಕಾಲಕ್ಕೆ ಬೀಳಲಿಲ್ಲ.

ಕಾಳಿ ನದಿಯನ್ನು ಬಿಟ್ಟು ಕಾರವಾರ ಇಲ್ಲ. ಜೋಯಿಡಾ ಕಡೆಯ ಕಾಡಿನಲ್ಲಿ ಹುಟ್ಟಿ ಇನ್ನೂರು ಕಿಲೋಮೀಟರೂ ಹರಿಯದ ಈ ನದಿ ಮಾಡುವ ಕೆಲಸ ದೊಡ್ಡದು. ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು, ಕೆಳಗೆ ಮತ್ತಷ್ಟು ಅಣೆಕಟ್ಟುಗಳು, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ. ಕೊನೆಗೆ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. ಹೆದ್ದಾರಿಯ ಸೇತುವೆ ಮೇಲಿಂದ ನೋಡಿದರೆ ಪಕ್ಕದಲ್ಲೇ ಹಳೆಯ ಸೇತುವೆ ಇದ್ದ ಜಾಗ. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದು ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಈಗಿನ ಸೇತುವೆ ದಾಟುವಾಗ ಅಣ್ಣ ಒಂದು ಮಾತೂ ಆಡಲಿಲ್ಲ, ಗೇರ್ ಬದಲಿಸಿದ ಅಷ್ಟೇ.

ಸದಾಶಿವಗಡದ ಕೋಟೆಯಲ್ಲಿ ಉಳಿದಿರುವುದು ಕಡಿಮೆ. ಹೋಗಬೇಕಾದ್ದು ನೋಟಕ್ಕಾಗಿ. ಒಂದು ಕಡೆ ನದಿ, ಒಂದು ಕಡೆ ಕಡಲು, ನಡುವೆ ದೇವಬಾಗದ ಮರಳು. ಗುಡ್ಡದ ಮೇಲೆ ದುರ್ಗೆಯ ಗುಡಿ, ಕೆಳಗೆ ದರ್ಗಾ. ದೇವಬಾಗದಿಂದ ದೋಣಿಯಲ್ಲಿ ಹೋದರೆ ಡಾಲ್ಫಿನ್ ಕಾಣುವ ಸಾಧ್ಯತೆ ಇದೆ. ನಮಗೆ ಒಂದರ ಬೆನ್ನು ಕಂಡಿತು, ಅಥವಾ ಹಾಗೆ ಅಂತ ದೋಣಿಯವರು ಹೇಳಿದರು. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹನ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ನಮ್ಮ ಬಯಲುಸೀಮೆ ಕಡೆಯವರೂ ಇದ್ದರು. ಈಜು ಬಾರದ ನಮ್ಮಂಥವರು ನೀರಿನ ಹತ್ತಿರ ಹುಂಬತನ ತೋರಿಸಬಾರದು.

ಊರಿನ ದಕ್ಷಿಣಕ್ಕೆ ಅರಗಾದಲ್ಲಿ ನೌಕಾನೆಲೆ, ಐಎನ್‌ಎಸ್ ಕದಂಬ. 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಕೆಲಸ ಶುರು ಮಾಡಿತು. ಇದಕ್ಕಾಗಿ ಕರಾವಳಿಯ ಎಷ್ಟೋ ಹಳ್ಳಿಗಳು ಎದ್ದು ಹೋದವು. ಒಳಗೆ ಬಿಡುವುದಿಲ್ಲ, ಹೆದ್ದಾರಿಯಿಂದ ಗೋಡೆ ಕಾಣುತ್ತದೆ. ಅಣೆಕಟ್ಟು, ಅಣುಸ್ಥಾವರ, ನೌಕಾನೆಲೆ, ಬಂದರು: ಒಂದೇ ಸೀಮೆಯ ಜನ ಇಷ್ಟಕ್ಕೆಲ್ಲ ಜಾಗ ಬಿಟ್ಟುಕೊಟ್ಟಿದ್ದಾರೆ. ಗಣಿಗೆ ಗುಡ್ಡ ಕೊಟ್ಟ ನಾವು ಈ ಲೆಕ್ಕವನ್ನು ಬೇಗ ಅರ್ಥ ಮಾಡಿಕೊಳ್ಳುತ್ತೇವೆ ಅಂದುಕೊಂಡಿದ್ದೇನೆ.

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರುವರಿ. ಆಗಲೂ ಸ್ವೆಟರ್ ಬೇಕಾಗುವುದಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಊರು 40 ಡಿಗ್ರಿ ದಾಟುತ್ತದೆ, ಅಲ್ಲಿ ಅಷ್ಟು ಏರುವುದು ಅಪರೂಪ. ಆದರೆ ಸಮಾಧಾನ ಪಡಬೇಡಿ. ಬೆವರು ಆರುವುದೇ ಇಲ್ಲ, ನೆರಳಿಗೆ ಹೋದರೂ ತಂಪಿಲ್ಲ. ಆ ಹೊತ್ತಿಗೆ ಹೋಗುವ ಒಂದೇ ಲಾಭ ಅಂಕೋಲಾದ ಕರಿ ಇಶಾಡ ಮಾವು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಳೆ ನೋಡುವ ಆಸೆ ನಮಗೆ ಇರುವುದು ಸಹಜ, ಆದರೆ ಆಗ ಘಟ್ಟದ ರಸ್ತೆ ನಂಬುವಂತಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ನುಂಗಿದ್ದು ಎಲ್ಲರಿಗೂ ನೆನಪಿರಬೇಕು.

ವಾಪಸ್ ಹೊರಡುವುದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಅವತ್ತು ಕಾರವಾರದ ಸಂತೆ. ನಾವು ಬುಟ್ಟಿ ಹಿಡಿದು ಸುತ್ತುತ್ತಿದ್ದಾಗ ಅತ್ತಿಗೆಯ ಕಿವಿಗೆ ಪರಿಚಯದ ಮಾತು ಬಿತ್ತು. ಗದಗ ಕಡೆಯಿಂದ ಉಳ್ಳಾಗಡ್ಡಿ ತಂದ ವ್ಯಾಪಾರಿಗಳು. ಎಲ್ಲಿಯವರು, ಏನು ಅಂತ ವಿಚಾರಿಸಿದ ಮೇಲೆ ಒಬ್ಬರು ಅತ್ತಿಗೆಗೆ ಒಂದು ಬೊಗಸೆ ಜಾಸ್ತಿಯೇ ಹಾಕಿದರು. 'ಕರಾವಳಿಗೆ ಬಂದು ಉಳ್ಳಾಗಡ್ಡಿ ತೊಗೊಂಡು ಹೋಗ್ತಾರೇನು?' ಅಂತ ಅಣ್ಣ ನಕ್ಕ. ಅವನು ತೆಗೆದುಕೊಂಡದ್ದು ಎರಡು ಕಿಲೋ ಒಣಮೀನು, ಅದೂ ಒಂದೇ ಪೇಪರ್ ಸುತ್ತಿದ್ದು. ಅರಬೈಲ್ ಘಟ್ಟ ಹತ್ತುವಷ್ಟರಲ್ಲಿ ಅತ್ತಿಗೆ ನಾಲ್ಕೂ ಕಿಟಕಿ ಇಳಿಸಿಬಿಟ್ಟರು. ಹುಬ್ಬಳ್ಳಿ ಬರುವವರೆಗೂ ಎಸಿ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ.